ಮದುವೆ ಮನೇಲಿ ಹೇಗೆ ತಡ್ಕೊಳ್ತೀರಾ?

ಕುಡಿತ ಬಿಟ್ಟಿದ್ದೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. "ಕೊಡಗಿನ ಮದುವೆಗೆ ಹೋಗಿ ಒಂದು ತೊಟ್ಟೂ ಮುಟ್ಟದೆ ಬರ್ತೀರಲ್ಲ, ಹೇಗೆ ತಡ್ಕೊಳ್ತೀರಾ?"

ಮದುವೆಯಲ್ಲಿ ನಾನು ಯಾವತ್ತೂ ಎಡವಿಲ್ಲ. ಮೊದಲ ಸಲ ನಾನು ಬಿಟ್ಟದ್ದು ನವೆಂಬರಿನಲ್ಲಿ. ನಮ್ಮ ಸುಗ್ಗಿ ಹಬ್ಬ ಪುತ್ತರಿ ದಾಟಿತು, ಏಪ್ರಿಲ್ ಮೇ ತಿಂಗಳ ಮದುವೆಗಳೂ ದಾಟಿದವು. ಹೊರಡುವ ಮೊದಲೇ ಹೊಟ್ಟೆ ತುಂಬ ಊಟ ಮಾಡುತ್ತಿದ್ದೆ. ಕೈಯಲ್ಲಿ ಸದಾ ನಿಂಬೆ ಸೋಡಾ ಇರುತ್ತಿತ್ತು. ಮನೆಯಲ್ಲಿ ಗುರು ಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಮದ್ಯ ಎರೆಯುವ ಕೆಲಸವನ್ನು ತಮ್ಮನಿಗೆ ಬಿಟ್ಟಿದ್ದೆ. ಎಚ್ಚರ ಇತ್ತು, ಅದಕ್ಕೇ ದಾಟಿದೆ.

ಎಡವಿದ್ದು ಕಕ್ಕಡದಲ್ಲಿ, ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲಿ. ಮದುವೆ ಇಲ್ಲ, ಹಬ್ಬದ ಗದ್ದಲ ಇಲ್ಲ. ಮೂರು ದಿನದಿಂದ ಬಿಡದ ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಹೆಂಡತಿ ತವರಿಗೆ ಹೋಗಿದ್ದಳು. ಕಾಳುಮೆಣಸಿನ ಲೆಕ್ಕದ ವಿಷಯಕ್ಕೆ ತಮ್ಮನ ಜೊತೆ ಫೋನಿನಲ್ಲಿ ಜಗಳವಾಡಿ ಮಧ್ಯಾಹ್ನದ ಊಟವನ್ನೂ ಬಿಟ್ಟಿದ್ದೆ. ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಹಸಿವು, ಸಿಟ್ಟು, ಒಂಟಿತನ, ದಣಿವು. ಈ ನಾಲ್ಕರ ಮೇಲೆ ಕಣ್ಣಿಡಿ ಅಂತ ಆಪ್ತಸಮಾಲೋಚಕರು ಆಮೇಲೆ ಹೇಳಿದರು. ಅವತ್ತು ನಾಲ್ಕೂ ಒಟ್ಟಿಗೆ ಬಂದಿದ್ದವು.

ಅಟ್ಟದ ಮೇಲೆ ಒಂದು ರಮ್ ಬಾಟಲಿ ಇತ್ತು. ಮಿಲಿಟರಿಯಲ್ಲಿದ್ದ ದೊಡ್ಡಪ್ಪ ಕೊಟ್ಟದ್ದು. ನೆಂಟರು ಬಂದರೆ ಇರಲಿ ಅಂತ ಇಟ್ಟಿದ್ದೆ. ಮಳೆಗಾಲದ ತೇವಕ್ಕೆ ಅದರ ಲೇಬಲ್ ಮೇಲೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಬನಿಯನ್ ತುದಿಯಿಂದ ಅದನ್ನು ನಿಧಾನಕ್ಕೆ ಒರೆಸಿದ್ದು ನನಗೆ ಇವತ್ತಿಗೂ ನೆನಪಿದೆ. ಕುಡಿಯಬೇಕೋ ಬೇಡವೋ ಅಂತ ಯೋಚಿಸಿದ್ದು ಮಾತ್ರ ನೆನಪಿಲ್ಲ.

ಅವತ್ತು ಕುಡಿದದ್ದು ಎರಡೇ ಗ್ಲಾಸ್. ಮರುದಿನ ಬೆಳಿಗ್ಗೆ "ಹೇಗೂ ಕೆಟ್ಟಾಯ್ತಲ್ಲ, ಇನ್ನೇನು" ಅನ್ನಿಸಿತು. ಆ ಒಂದು ಮಾತಿಗೆ ಹನ್ನೊಂದು ದಿನ ಕುಡಿದೆ. ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಒಂದು ಸಲ ಜಾರುವುದು ಬೇರೆ, ಪೂರ್ತಿ ಹಿಂದಕ್ಕೆ ಹೋಗುವುದು ಬೇರೆ. ನಡುವೆ ಇರುವುದು ಆ ನಾಚಿಕೆ, ಆ "ಇನ್ನೇನು". ಇದು ನನಗೆ ಮೊದಲೇ ಗೊತ್ತಿದ್ದರೆ ಎರಡನೇ ದಿನವೇ ಯಾರಿಗಾದರೂ ಫೋನ್ ಮಾಡುತ್ತಿದ್ದೆ.

ಹನ್ನೆರಡನೇ ದಿನ ಹೆಂಡತಿ ಬಂದಳು. ಬೈಯಲಿಲ್ಲ. ಬೆಲ್ಲದ ಕಾಫಿ ಮುಂದಿಟ್ಟು, "ಕೊಡೆ ತಗೊಳ್ಳಿ, ಮಡಿಕೇರಿಗೆ ಹೋಗಿ ಡಾಕ್ಟ್ರನ್ನ ನೋಡೋಣ" ಅಂದಳು.

ಈಗ ಮನೆಯಲ್ಲಿ ಬಾಟಲಿ ಇಲ್ಲ, ನೆಂಟರಿಗೂ ಕಾಫಿಯೇ. ಒಂದು ಗಂಟೆಗೆ ಊಟ ಆಗಲೇಬೇಕು. ಆಸೆ ಬಂದರೆ ಸುಂಟಿಕೊಪ್ಪದಲ್ಲಿರುವ ಗೆಳೆಯನಿಗೆ ಫೋನ್ ಮಾಡುತ್ತೇನೆ, ಅವನೂ ಬಿಟ್ಟವನೇ. ಅಲೆ ಏರಿದ ಹಾಗೆ ಏರುತ್ತದೆ, ಅರ್ಧ ಗಂಟೆ ಮಾತಾಡುವಷ್ಟರಲ್ಲಿ ಇಳಿದಿರುತ್ತದೆ.

ಮಾತ್ರೆಯ ಬಗ್ಗೆಯೂ ಕೇಳುತ್ತಾರೆ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ಡೈಸಲ್ಫಿರಾಮ್ ಬೇರೆ ತರಹದ್ದು, ಅದರ ಮೇಲೆ ಕುಡಿದರೆ ಮೈಗೆ ತಡೆಯಲಾಗದಷ್ಟು ಸಂಕಟ. ಅಕ್ಕಂದಿರೇ, ದಯವಿಟ್ಟು ಅದನ್ನು ಗಂಡನಿಗೆ ಗೊತ್ತಿಲ್ಲದ ಹಾಗೆ ಸಾರಿಗೆ ಬೆರೆಸಬೇಡಿ. ಪ್ರಾಣಕ್ಕೇ ಕುತ್ತು ಬರಬಹುದು. ದಿನವೂ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಫಿಟ್ಸ್ ಬರಬಹುದು, ಎರಡು ಮೂರನೇ ದಿನ ಬುದ್ಧಿ ಕದಡಬಹುದು. ಬ್ರೌನ್ ಶುಗರ್ (ಹೆರಾಯಿನ್) ಬಿಟ್ಟ ಹುಡುಗರ ಮನೆಯವರಿಗೆ ಇನ್ನೊಂದು ಮಾತು: ಕೆಲವು ವಾರ ಬಿಟ್ಟ ಮೇಲೆ ಹಳೇ ಪ್ರಮಾಣವನ್ನೇ ತೆಗೆದುಕೊಂಡರೆ ದೇಹ ತಾಳುವುದಿಲ್ಲ, ಜೀವ ಹೋಗಬಹುದು. ಕೇಳಲು ಹತ್ತಿರ ಯಾರೂ ಇಲ್ಲದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮದುವೆ ಸೀಸನ್ ಬಂದಾಗ "ಹುಷಾರು" ಅಂತ ನನಗೆ ಫೋನ್ ಮಾಡುವವರು ತುಂಬಾ ಜನ ಇದ್ದೀರಿ. ಕಕ್ಕಡದಲ್ಲೂ ಒಂದು ಸಲ ಮಾಡಿ. ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮಾಡಿದರೆ ಇನ್ನೂ ಒಳ್ಳೆಯದು.