ಅಳಿಯನ ಪೂರ್ವಜನನ್ನು ಹುಡುಕಿಕೊಂಡು ಆಂಡರ್ಸನ್‌ವಿಲ್‌ಗೆ

ಅಟ್ಲಾಂಟಾದ ಮಗಳ ಮನೆಗೆ ಹೋದವನು ಜೈಲು ನೋಡಿಕೊಂಡು ಬಂದೆ ಅಂದರೆ ಮೈಸೂರಿನ ವಾಕಿಂಗ್ ಗೆಳೆಯರು ನಗುತ್ತಾರೆ. ತಪ್ಪು ಅಳಿಯನದು. ಅವನು ಒಹಾಯೋ ಕಡೆಯವನು. ಅವನ ಅಜ್ಜಿಯ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಸೇರಿದ್ದನಂತೆ, ಕುದುರೆ ಮೇಲೆ ಕತ್ತಿ ಹಿರಿದು ನುಗ್ಗುವಾಗಲೇ ಸತ್ತನಂತೆ. ಅಜ್ಜಿ ಮನೆಮಂದಿಗೆಲ್ಲ ಹೇಳಿಕೊಂಡು ಬಂದ ಕಥೆ ಇದು. ಅಳಿಯ ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಿಂದ ದಾಖಲೆ ತರಿಸಿದರೆ ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ಬರೀ ಕಾಲಾಳು. ಸೆರೆ ಸಿಕ್ಕವನು 1864ರ ಆಗಸ್ಟಿನಲ್ಲಿ ದಕ್ಷಿಣದವರ ಆಂಡರ್ಸನ್‌ವಿಲ್ ಜೈಲಿನಲ್ಲಿ ಭೇದಿಯಿಂದ ಸತ್ತಿದ್ದ.

ಅಟ್ಲಾಂಟಾದಿಂದ ದಕ್ಷಿಣಕ್ಕೆ ಎರಡು ಗಂಟೆಗೂ ಜಾಸ್ತಿ ದಾರಿ. ಜೈಲು ಅಂದರೆ ಕಟ್ಟಡ ಇರುತ್ತದೆ ಅಂದುಕೊಂಡಿದ್ದೆ. ಅಲ್ಲಿರುವುದು ಹುಲ್ಲು ಬಯಲು, ನಡುವೆ ಸಣ್ಣ ತೊರೆ. ಆಗಲೂ ಸೂರು ಇರಲಿಲ್ಲ, ಸುತ್ತ ಪೈನ್ ಮರದ ದಿಮ್ಮಿಗಳ ಗೋಡೆ ಅಷ್ಟೆ. ಕೈದಿಗಳನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿ ನಿಂತುಹೋಗಿತ್ತು, ಕಪ್ಪು ಸೈನಿಕರನ್ನು ಬಿಳಿಯರಂತೆ ಕೈದಿಗಳೆಂದು ಒಪ್ಪಲು ದಕ್ಷಿಣದವರು ತಯಾರಿರಲಿಲ್ಲ ಅನ್ನುವುದು ಒಂದು ಕಾರಣ. ಹಾಗಾಗಿ ಆ ಆಗಸ್ಟಿನಲ್ಲಿ 26 ಎಕರೆ ಚಿಲ್ಲರೆ ಜಾಗದಲ್ಲಿ ಸುಮಾರು 33,000 ಜನ! ಕುಡಿಯೋಕೂ ಅದೇ ತೊರೆ, ಬೆಳಗಿನ ಕೆಲಸಕ್ಕೂ ಅದೇ. ಭೇದಿ ಆಗದೆ ಇನ್ನೇನಾಗುತ್ತೆ?

ಬಯಲಲ್ಲಿ ಎರಡು ಸಾಲು ಬಿಳಿ ಗೂಟ ನೆಟ್ಟಿದ್ದಾರೆ. ಹೊರಗಿನದು ಗೋಡೆ ಇದ್ದ ಜಾಗ. ಒಳಗಿನದನ್ನು ದಾಟಿದವನಿಗೆ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಅದರ ಹೆಸರು ಡೆಡ್‌ಲೈನ್. ನನ್ನ ಮಗಳು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುವ ಅದೇ ಪದ, ಅಲ್ಲಿ ಯಾಕೋ ಅವಳೂ ಸುಮ್ಮನಾದಳು.

ಇಲ್ಲಿಗೆ ಬಂದ 45,000 ಕೈದಿಗಳಲ್ಲಿ ಹೆಚ್ಚುಕಡಿಮೆ 13,000 ಜನ ಸತ್ತರು. ಆದರೂ ಸಮಾಧಿ ಹುಡುಕಲು ನಮಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಡೊರೆನ್ಸ್ ಅಟ್‌ವಾಟರ್ ಅಂತ ಒಬ್ಬ ಹುಡುಗ, ಅವನೂ ಕೈದಿಯೇ. ಸತ್ತವರ ಲೆಕ್ಕ ಬರೆಯುವ ಕೆಲಸ ಅವನದು. ಅವನು ಕದ್ದು ಇನ್ನೊಂದು ಪ್ರತಿ ಮಾಡಿಟ್ಟುಕೊಂಡ. 1865ರಲ್ಲಿ, ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿ ಹೆಸರಾಗಿದ್ದ ಕ್ಲಾರಾ ಬಾರ್ಟನ್ ಜೊತೆ ಬಂದು ಗೋರಿಗಳಿಗೆ ಹೆಸರು ಹಾಕಿಸಲು ನೆರವಾದ. ಇಂಥವನನ್ನೇ ಅಮೆರಿಕ ಸರ್ಕಾರ ಆ ಪಟ್ಟಿಯ ತಕರಾರಿನಲ್ಲಿ ಜೈಲಿಗೆ ಹಾಕಿತು, ನೋಡಿ!

ಹೆಣಗಳನ್ನು ಉದ್ದದ ಗುಂಡಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಮಲಗಿಸಿದ್ದರಂತೆ, ಅದಕ್ಕೇ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ. ನಮ್ಮ ಕಲ್ಲಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ನನ್ನ ರೇಷನ್ ಕಾರ್ಡಿನಲ್ಲೂ ಹಾಗೇ ಅಂದೆ, ಅಳಿಯ ನಕ್ಕ. ಆಮೇಲೆ ಮಂಡಿಯೂರಿ ಕೂತು ಬೆರಳಿಂದ ಪಾಚಿ ಕೆರೆದ.

ಅಲ್ಲಿಂದಲೇ ಅಜ್ಜಿಗೆ ವೀಡಿಯೋ ಕಾಲ್ ಮಾಡಿದ. "ಕುದುರೆ ಸವಾರರ ಕಲ್ಲು ಬೇರೆ ಥರ ಇರುತ್ತಾ?" ಅಂತ ಅವರು ಕೇಳಿದರು. ಅಳಿಯ ನನ್ನ ಮುಖ ನೋಡಿದ. "ಇಲ್ಲ ಅಜ್ಜಿ, ಎಲ್ಲರದೂ ಒಂದೇ ಥರ" ಅಂದ.