ಹಳೇ ಕಾಯಿನ್ ಗೇಮ್ ಮಷೀನ್ ತಗೋಳೋ ಮುಂಚೆ ಪಿಕ್ಚರ್ ಟ್ಯೂಬ್ ನೋಡ್ರಿ

ಕಲಬುರಗಿಯಲ್ಲಿ ಹಳೇ ಗೇಮ್ ಮಷೀನು ಅಗ್ಗಕ್ಕೆ ಕೇಳಲು ಒಳ್ಳೆಯ ಹೊತ್ತೆಂದರೆ ಜಾತ್ರೆ ಮುಗಿದು ಟೆಂಟು ಬಿಚ್ಚುವಾಗ. ಹೋಳಿ ಹುಣ್ಣಿಮೆ ಆದ ಮೇಲಿನ ಶರಣಬಸವೇಶ್ವರ ಜಾತ್ರೆಗೆ ಬಂದ ಆಟದವರಿಗೆ ಕೆಟ್ಟ ಮಷೀನನ್ನು ಮತ್ತೆ ಲಾರಿಗೆ ಹೇರುವುದೇ ಲುಕ್ಸಾನು. ಅಲ್ಲಿ ಸಿಗದಿದ್ದರೆ ಬಾಗಿಲು ಹಾಕಿದ ಗೇಮ್ ಪಾರ್ಲರು, ಗುಜರಿ ಅಂಗಡಿ. ಬೀದರಿನವರು ಜಹೀರಾಬಾದ್ ಮೇಲೆ ಹೈದರಾಬಾದಿಗೇ ಹೋಗಿ ಬರಬಹುದು. ಬಿಡಿಭಾಗಕ್ಕೂ ಕೋಠಿಯ ಗುಜರಾತಿ ಗಲ್ಲಿ ಅಲ್ಲೇ ಇದೆ.

ಸ್ಟಿಕರು, ಬಣ್ಣ ನೋಡಿ ರೇಟು ಕಟ್ಟಬೇಡಿ. ಬಟನ್, ಜಾಯ್‌ಸ್ಟಿಕ್, ಪವರ್ ಸಪ್ಲೈ, ಗೇಮ್ ಬೋರ್ಡು ಎಲ್ಲಾ ಹೊಸದು ಸಿಗುತ್ತವೆ. ಸಿಗದೇ ಇರುವುದು ಒಳ್ಳೆಯ ಪಿಕ್ಚರ್ ಟ್ಯೂಬು. ಬೋರ್ಡು ಹೋಗಿ ಟ್ಯೂಬು ಗಟ್ಟಿಯಿರುವ ಮಷೀನೇ ಲಾಭದ ಮಾಲು.

ನೋಡಲು ಹೋಗುವ ಮುಂಚೆ "ಮಷೀನ್ ಬಂದ್ ಇಟ್ಟಿರ್ರಿ" ಎಂದು ಹೇಳಿ ಹೋಗಿ. ಕೆಪಾಸಿಟರ್ ಒಣಗಿದ್ದರೆ ತಣ್ಣಗಿದ್ದಾಗ ಚಿತ್ರ ಕುಗ್ಗುತ್ತದೆ, ಅಂಚು ಡೊಂಕಾಗುತ್ತದೆ. ಕಾದ ಮೇಲೆ ಎಷ್ಟೋ ಸಲ ಸರಿಯಾಗಿಬಿಡುತ್ತದೆ. ಮಾರುವವನು ಮೊದಲೇ ಹಚ್ಚಿಟ್ಟಿದ್ದರೆ ಅನುಮಾನ ಪಡಿ. ಆರಿಸಿದಾಗಲೂ ಗಾಜಿನ ಮೇಲೆ ಹಳೇ ಆಟದ ಸ್ಕೋರು ನೆರಳಿನಂತೆ ಕಂಡರೆ ಗಾಜಿನ ಒಳಗಿನ ಹೊಳೆಯುವ ಲೇಪ (ಫಾಸ್ಫರ್) ಸುಟ್ಟಿದೆ, ಅದು ಹೋಗುವುದಿಲ್ಲ. ನಡುವೆ ಒಂದೇ ಅಡ್ಡಗೆರೆ ಬಂದರೆ ಹೆದರಬೇಡಿ: ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಸೆಕ್ಷನ್ ಹೋಗಿದೆ, ಹಳೇ ಟಿವಿ ಮೆಕ್ಯಾನಿಕ್ ಐಸಿ, ಕೆಪಾಸಿಟರ್ ಬದಲಿಸಿ ಸರಿಮಾಡುತ್ತಾನೆ. ಚೌಕಾಸಿಗೆ ಇದಕ್ಕಿಂತ ಒಳ್ಳೇ ನೆಪ ಇಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಚಿತ್ರ ಮಬ್ಬಾಗಿದ್ದರೆ ಟ್ಯೂಬು ಮುದಿಯಾಗಿರುವುದೇ ಹೆಚ್ಚು, ಬಿಟ್ಟುಬಿಡಿ. ಟ್ಯೂಬಿನ ಹಿಂದಿನ ಭಾಗಕ್ಕೆ ಮಾತ್ರ ನೀವೇ ಕೈ ಹಾಕಬೇಡಿ, ಕರೆಂಟು ತೆಗೆದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು.

ಟ್ಯೂಬು ಸತ್ತ ಮಷೀನಿಗೆ ಎಲ್‌ಸಿಡಿ ಕೂರಿಸುವ ಯೋಚನೆಯಿದ್ದರೆ ನೆನಪಿಡಿ: ಹಳೇ ಬೋರ್ಡುಗಳು ಕೊಡುವುದು 15 ಕಿಲೋಹರ್ಟ್ಸ್‌ನ ಚಿತ್ರದ ಸಿಗ್ನಲ್, ಸಾಮಾನ್ಯ ವಿಜಿಎ ಮಾನಿಟರ್ ಕೇಳುವುದು 31. ನಡುವೆ ಜಿಬಿಎಸ್-8200 ತರಹದ ಕನ್ವರ್ಟರ್ ಬೇಕು.

ಹಿಂದಿನ ತಗಡಿನ ಪಟ್ಟಿ ಓದದೆ ಪ್ಲಗ್ ಹಾಕಬೇಡಿ. ಜಪಾನಿನ ಮಷೀನುಗಳು 100 ವೋಲ್ಟಿನವು. ನಮ್ಮ 230ಕ್ಕೆ ನೇರ ಕೊಟ್ಟರೆ ಸುಟ್ಟೇ ಹೋಗುತ್ತವೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆಯೇ ನೋಡಿ.

ವೈರಿಂಗ್ ಜಾಮಾ (JAMMA) ಮಾದರಿಯದಾಗಿದ್ದರೆ ಅರ್ಧ ಚಿಂತೆ ಕಳೆಯಿತು. ಅದು ಗೇಮ್ ಬೋರ್ಡು ಜೋಡಿಸುವ 1985ರ ಸ್ಟ್ಯಾಂಡರ್ಡು, ಎರಡೂ ಬದಿ 28ರಂತೆ 56 ಪಿನ್ನಿನ ಕನೆಕ್ಟರು. ಒಂದು ಬೋರ್ಡು ಕಿತ್ತು ಇನ್ನೊಂದು ಹಾಕಬಹುದು. ಮಲ್ಟಿಮೀಟರನ್ನು ಸಪ್ಲೈ ಹತ್ತಿರ ಅಲ್ಲ, ಬೋರ್ಡಿನ ತುದಿಯಲ್ಲೇ ಹಿಡಿಯಿರಿ: 1ನೇ ಪಿನ್ ಗ್ರೌಂಡು, 3ನೇದು 5 ವೋಲ್ಟು. 4.75ಕ್ಕಿಂತ ಇಳಿದರೆ ಆಟ ನಡುವೆಯೇ ರೀಸೆಟ್ ಆಗಬಹುದು. ಬೋರ್ಡು ಸತ್ತಿದೆ ಎಂದು ಕೊಡುವ ಎಷ್ಟೋ ಮಷೀನಿನಲ್ಲಿ ಕಪ್ಪಾದ ಕನೆಕ್ಟರ್ ತಿಕ್ಕಿ, ಸಪ್ಲೈಯ ಸ್ಕ್ರೂ ಸ್ವಲ್ಪ ತಿರುವಿ 5.0ಕ್ಕೆ ತಂದರೆ ಸಾಕು. 5.25 ಮಾತ್ರ ದಾಟಿಸಬೇಡಿ. ಎಸ್‌ಎನ್‌ಕೆ ಕಂಪನಿಯ ನಿಯೋ ಜಿಯೋ ಬೋರ್ಡಾದರೆ ಬ್ಯಾಟರಿ ಸುತ್ತ ಹಸಿರು ಕಿಲುಬು ಹಬ್ಬಿದೆಯೇ ನೋಡಿ. ಸೋರಿದ ರಸ ತಾಮ್ರದ ಗೆರೆಗಳನ್ನೇ ತಿಂದಿರುತ್ತದೆ.

ಕಾಯಿನ್ ಹಾಕಿದರೂ ಕ್ರೆಡಿಟ್ ಏರದಿದ್ದರೆ ಜಾಮಾ ಕನೆಕ್ಟರಿನ 16ನೇ ಪಿನ್ನನ್ನು ಒಂದು ಕ್ಷಣ ಗ್ರೌಂಡಿಗೆ ಮುಟ್ಟಿಸಿ. ಏರಿತೋ, ಬೋರ್ಡು ಸರಿಯಿದೆ, ತೊಂದರೆ ನಾಣ್ಯ ಪರೀಕ್ಷಿಸುವ ಭಾಗದಲ್ಲಿ, ಅಂದರೆ ಕಾಯಿನ್ ಮೆಕ್ಕಿನಲ್ಲಿದೆ. ಒಳಗೆ ಮಾದರಿ ನಾಣ್ಯ ಇಟ್ಟು ಹೋಲಿಸುವ ಎಲೆಕ್ಟ್ರಾನಿಕ್ ಮೆಕ್‌ಗೆ 12 ವೋಲ್ಟ್ ಬೇಕು, ಅದರ ಎನ್‌ಒ–ಎನ್‌ಸಿ (NO–NC) ಗುರುತಿನ ಸ್ವಿಚ್ಚು ಎನ್‌ಒದಲ್ಲಿರಬೇಕು. ಆದರೆ ನಮ್ಮ ನಾಣ್ಯಗಳೇ ಒಂದು ಅಳತೆಯವಲ್ಲ: 2011ರ ಮಾದರಿಯ ಐದು ರೂಪಾಯಿ 23 ಮಿಲಿಮೀಟರ್, 2019ರದು 25. ಒಂದನ್ನು ಒಪ್ಪಿದ ಮೆಕ್ ಇನ್ನೊಂದನ್ನು ಉಗುಳುತ್ತದೆ. ಟೋಕನ್ನೇ ವಾಸಿ.

ಪೆಟ್ಟಿಗೆಯ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮಳೆನೀರು ಕುಡಿದ ಪಾರ್ಟಿಕಲ್ ಬೋರ್ಡು ಹಪ್ಪಳದಂತೆ ಉಬ್ಬಿರುತ್ತದೆ, ಗೆದ್ದಲೂ ಅಲ್ಲಿಂದಲೇ. ಸಾಗಿಸುವಾಗ ಟಾಟಾ ಏಸ್‌ನಲ್ಲಿ ನಿಲ್ಲಿಸಿಯೇ ಕಟ್ಟಿ. ಕುಲುಕಾಟಕ್ಕೆ ಮೊದಲು ಒಡೆಯುವುದು ಟ್ಯೂಬಿನ ಕುತ್ತಿಗೆ. ಮನೆ ಬಾಗಿಲಿನ ಅಗಲ ಮುಂಚೆಯೇ ಅಳೆದಿರಿ. ಹಚ್ಚುವ ಮುನ್ನ ಕಾಯಿನ್ ಬಾಗಿಲಿನ ತಗಡಿಗೆ ಅರ್ಥಿಂಗ್ ವೈರು ಬಿಗಿದು, ಪ್ಲಗ್ಗಿನ ದಪ್ಪ ಪಿನ್ನಿನವರೆಗೂ ಮಲ್ಟಿಮೀಟರ್ ಬೀಪ್ ಬರುತ್ತದೆಯೇ ನೋಡಿ. ಹಳೇ ಮಷೀನುಗಳಲ್ಲಿ ಈ ವೈರನ್ನು ಯಾರೋ ಕತ್ತರಿಸಿಯೇ ಇರುತ್ತಾರೆ.