ಗವರ್ನರ್ ಆಫೀಸಿನ ತಿಜೋರಿ

ಜಿಲ್ಲಾ ಖಜಾನೆಯಲ್ಲಿ ಮೂವತ್ತು ವರ್ಷ ಬಿಲ್ ನೋಡಿದವನು ನಾನು. ಅನುದಾನ ಇಲ್ಲದ ಬಿಲ್ ಬಂದರೆ ಆಕ್ಷೇಪಣೆ ಬರೆದು ವಾಪಸ್ ಕಳಿಸುವುದೇ ನನ್ನ ಕೆಲಸವಾಗಿತ್ತು. ಈ ಸಲ ಅಮೆರಿಕದ ಇಂಡಿಯಾನಾ ರಾಜ್ಯದ ರಾಜಧಾನಿ ಇಂಡಿಯಾನಾಪೊಲಿಸ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿನ ಸ್ಟೇಟ್‌ಹೌಸ್ (ನಮ್ಮ ವಿಧಾನಸೌಧ ಇದ್ದ ಹಾಗೆ) ಎದುರು ಆಲಿವರ್ ಮಾರ್ಟನ್ ಪ್ರತಿಮೆ ನೋಡಿದೆ. ಕಂಚಿನ ಗವರ್ನರ್, ಅಕ್ಕಪಕ್ಕ ಇಬ್ಬರು ಸಿಪಾಯಿಗಳು. ಬಜೆಟ್ಟೇ ಇಲ್ಲದೆ ಸುಮಾರು ಎರಡು ವರ್ಷ ರಾಜ್ಯ ನಡೆಸಿದ ಮನುಷ್ಯ ಈತ.

ಅಲ್ಲಿ ಗವರ್ನರ್ ಅಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಚಿಕ್ಕಂದಿನಲ್ಲಿ ಟೋಪಿ ಮಾಡುವ ಕೆಲಸ ಕಲಿತಿದ್ದ ಮಾರ್ಟನ್, 1861ರ ಜನವರಿಯಲ್ಲಿ ಗವರ್ನರ್ ಆದ. ಏಪ್ರಿಲ್‌ನಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ತಕ್ಷಣ ಅಧ್ಯಕ್ಷ ಲಿಂಕನ್‌ಗೆ ಯುದ್ಧಕ್ಕೆ 10,000 ಜನರನ್ನು ಕೊಡುತ್ತೇನೆ ಅಂದ.

1862ರ ಚುನಾವಣೆಯಲ್ಲಿ ಶಾಸನಸಭೆ ಎದುರು ಪಕ್ಷ ಡೆಮಾಕ್ರಟರ ಕೈಗೆ ಹೋಯಿತು. ಮರುವರ್ಷ ಅವರು ರಾಜ್ಯದ ಸೈನ್ಯದ ಮೇಲೆ ಗವರ್ನರ್‌ಗಿದ್ದ ಅಧಿಕಾರ ಕಿತ್ತುಕೊಳ್ಳಲು ಹೊರಟರು. ಮಾರ್ಟನ್ ಪಕ್ಷದ ಸದಸ್ಯರು ಸಭೆ ಬಿಟ್ಟು ಒಹಾಯೊ ನದಿ ದಡದ ಮ್ಯಾಡಿಸನ್ ಊರಿಗೆ ಹೋಗಿ ಕೂತರು. ಸಭೆ ನಡೆಸಲು ಬೇಕಾದಷ್ಟು ಸದಸ್ಯರು, ಅಂದರೆ ಕೋರಂ, ಇಲ್ಲ. ಅಧಿವೇಶನ ಮುಗಿಯಿತು, ಖರ್ಚಿಗೆ ಮಂಜೂರಾತಿ ಮಾತ್ರ ಆಗಲಿಲ್ಲ. ಮತ್ತೆ ಸಭೆ ಕರೆದರೆ ಅಧಿಕಾರ ಹೋಗುತ್ತೆ ಅಂತ ಮಾರ್ಟನ್ ಕರೆಯಲೇ ಇಲ್ಲ.

ದುಡ್ಡಿಗೇನು ಮಾಡಿದ? ಸಾಲ ಎತ್ತಿದ. ಕೇಂದ್ರ ಸರ್ಕಾರದ ಯುದ್ಧ ಇಲಾಖೆಯ ಮುಖ್ಯಸ್ಥ ಸ್ಟಾಂಟನ್ 2,50,000 ಡಾಲರ್ ಕೊಡಿಸಿದ. ರಾಜ್ಯದ ಹಳೇ ಸಾಲದ ಬಡ್ಡಿಯನ್ನು ಜೇಮ್ಸ್ ಲೇನಿಯರ್ ಎಂಬ ಬ್ಯಾಂಕರ್ ಕಟ್ಟಿದ. ಬಂದ ಹಣ ರಾಜ್ಯದ ಖಜಾನೆಗೆ ಹೋಗಲಿಲ್ಲ. ಗವರ್ನರ್ ಆಫೀಸಿನಲ್ಲೇ ಒಂದು ತಿಜೋರಿ ಇಟ್ಟು, ಕಾರ್ಯದರ್ಶಿ ಟೆರೆಲ್ ಕೈಗೆ ಲೆಕ್ಕ ಒಪ್ಪಿಸಿದ. ಇದನ್ನು ಓದಿದಾಗ ನನಗೆ ನಿಜಕ್ಕೂ ಕಸಿವಿಸಿಯಾಯಿತು. ಖಜಾನೆಯ ಹೊರಗಡೆ ಸರ್ಕಾರದ ದುಡ್ಡು!

‘ಅಪ್ಪಾ, ನೀವಾಗಿದ್ದರೆ ಆ ಬಿಲ್ ಪಾಸ್ ಮಾಡ್ತಿದ್ರಾ?’ ಅಂತ ಮಗಳು ಕೇಳಿದಳು. ಇಲ್ಲ ಅಂದೆ. ಆದರೆ ಯುದ್ಧಕ್ಕೆ ಹೋದ ಹುಡುಗರಿಗೆ ಬಟ್ಟೆ, ಔಷಧಿ ನಿಲ್ಲಿಸುವ ಧೈರ್ಯವೂ ನನಗಿರುತ್ತಿರಲಿಲ್ಲ. ದುಡ್ಡಿನ ವಿಷಯದಲ್ಲಿ ಮಾರ್ಟನ್‌ನನ್ನು ನಾನು ಕ್ಷಮಿಸಬಲ್ಲೆ. ಸಿವಿಲ್ ಕೋರ್ಟುಗಳು ತೆರೆದಿದ್ದಾಗಲೇ ವಿರೋಧಿಗಳನ್ನು ಸೇನಾ ವಿಚಾರಣೆಗೆ ನಿಲ್ಲಿಸಿದ್ದನ್ನು ಬೆಂಬಲಿಸಿದನಲ್ಲ, ಅದನ್ನು ಒಪ್ಪಲಾರೆ. ಹಾಗೆ ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಲ್ಯಾಂಬ್ಡಿನ್ ಮಿಲಿಗನ್ ಪ್ರಕರಣದಲ್ಲಿ, ಆ ವಿಚಾರಣೆ ಕಾನೂನಿಗೆ ವಿರುದ್ಧ ಅಂತ 1866ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಜನ ಮಾತ್ರ 1864ರಲ್ಲಿ ಮಾರ್ಟನ್‌ನನ್ನೇ ಮತ್ತೆ ಗೆಲ್ಲಿಸಿದರು. ಲೇನಿಯರ್‌ಗೂ ಸಾಲ ವಾಪಸ್ ಬಂತು. ಮ್ಯಾಡಿಸನ್‌ನಲ್ಲಿ ಲೇನಿಯರ್ ಮನೆ ಈಗ ಮ್ಯೂಸಿಯಂ. ಮುಂದಿನ ಬೇಸಿಗೆಗೆ ಅಲ್ಲಿಗೆ ಕರ್ಕೊಂಡು ಹೋಗು ಅಂತ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ.